ಈ ಬೇಸಿಗೆಗೆ ಮೂರು ಕಾದಂಬರಿ

ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲ. ಫೋನ್ ನೋಡಿ ನೋಡಿ ಕಣ್ಣು ಉರಿ. ಹಾಗಿದ್ರೆ ಒಂದು ಲೋಟ ಮಜ್ಜಿಗೆ, ಒಂದು ಫ್ಯಾನು, ಮೂರು ಪುಸ್ತಕ!

ಒಂದು: ಪ್ರೇಮ. ತ್ರಿವೇಣಿಯವರ ‘ಬೆಳ್ಳಿಮೋಡ’. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನೇ ಸಿನಿಮಾ ಮಾಡಿದ್ರು. ನಿಶ್ಚಯವಾದ ಮದುವೆ, ನಡುವೆ ಬರೋ ಆಸ್ತಿಯ ಲೆಕ್ಕಾಚಾರ. ಹುಡುಗ ಪ್ರೀತಿಸಿದ್ದು ಯಾರನ್ನ, ನಾಯಕಿ ಇಂದಿರಾಳನ್ನೋ, ಎಸ್ಟೇಟನ್ನೋ? ಸಿನಿಮಾ ನೋಡಿದ್ರೂ ಓದಿ. ಇಂದಿರಾಳ ಮೌನ ಪುಟಗಳಲ್ಲಿ ಬೇರೆಯೇ ಕೇಳುತ್ತೆ.

ಎರಡು: ಥ್ರಿಲ್ಲರ್. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರೋಕೆ ಹೊರಟ ಸುರೇಶ, ಗೌರಿ. ಸುತ್ತ ಘಟ್ಟದ ಕಾಡು, ಕಳ್ಳದಂಧೆಯ ಜಾಲ. ಹೆಚ್ಚು ಕಡಿಮೆ ಒಂದೇ ದಿನದ ಕಥೆ, ಹಾಗಾಗಿ ಒಂದೇ ದಿನದಲ್ಲಿ ಮುಗಿಸಿ. ಅರ್ಧಕ್ಕೆ ಕೆಳಗಿಡೋಕಂತೂ ಆಗಲ್ಲ.

ಮೂರು: ಇತಿಹಾಸ. ವಸುಧೇಂದ್ರರ ‘ತೇಜೋ ತುಂಗಭದ್ರಾ’, 2019ರದ್ದು. ತೇಜೋ ಅಂದ್ರೆ ಲಿಸ್ಬನ್‌ನ ನದಿ, ತುಂಗಭದ್ರಾ ನಮ್ಮ ಹಂಪಿಯದು. ಎರಡು ದಡಗಳ ನಡುವೆ ಮೆಣಸಿನ ವ್ಯಾಪಾರ, ಹಡಗು, ಧರ್ಮದ ಹೆಸರಿನ ಕ್ರೌರ್ಯ. ಜೊತೆಗೆ ಗೇಬ್ರಿಯಲ್, ಬೆಲ್ಲಾರ ಪ್ರೀತಿ. ದಪ್ಪ ಪುಸ್ತಕ, ರಜೆಗೆ ಹೇಳಿಮಾಡಿಸಿದ್ದು.

ಇನ್ನು ಹೊಸದನ್ನ ಹುಡುಕೋದು ಹೇಗೆ? ಸುಲಭ ಉಪಾಯ: ಇಷ್ಟವಾದ ಲೇಖಕರ ಇನ್ನೊಂದು ಪುಸ್ತಕ ಹಿಡೀರಿ. ಊರಿನ ಗ್ರಂಥಾಲಯದಲ್ಲಿ ಮೊದಲ ಹತ್ತು ಪುಟ ಓದಿ. ಹನ್ನೊಂದನೇ ಪುಟಕ್ಕೆ ಬೆರಳು ತಾನಾಗೇ ಹೋದ್ರೆ, ಅದು ನಿಮ್ಮ ಪುಸ್ತಕ.

ಈ ಮೂರರಲ್ಲಿ ಮೊದಲು ಯಾವುದು? ಕಾಮೆಂಟ್‌ನಲ್ಲಿ ಹೇಳಿ. ಕೊನೆ ಮಾತ್ರ ಹೇಳ್ಬೇಡಿ!