ಕವಡೆ ಹಾಕಿ ಆಡಿದ ನಕ್ಷತ್ರಯುದ್ಧ

ವಿಡಿಯೋ ಗೇಮ್ ಎಂದರೆ ಮಕ್ಕಳ ಕಣ್ಣು ಕೆಡಿಸುವ ವಸ್ತು ಎಂಬುದೇ ನಮ್ಮಲ್ಲಿ ಹೆಚ್ಚಿನವರ ತೀರ್ಮಾನ. ವಯನಾಡಿನ ಸುಲ್ತಾನ್ ಬತ್ತೇರಿಗೆ ಸಮೀಪದ ಕಾಫಿ ತೋಟವೊಂದರಲ್ಲಿರುವ ಗೃಹಸ್ಥರೊಬ್ಬರ ಸಂಗತಿ ತಿಳಿದ ಮೇಲೆ ಆ ತೀರ್ಮಾನವನ್ನು ಕೊಂಚ ಸಡಿಲಿಸಬೇಕಾದೀತು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ವಯಸ್ಸು ಐವತ್ತು ದಾಟಿದೆ. ಕನ್ನಡ ನಾಡಿನಿಂದ ಘಟ್ಟಕ್ಕೆ ಬಂದು ನೆಲೆಸಿದ ಜೈನ ಮನೆತನ. ಶಾಲೆ ಮಲಯಾಳ, ಮನೆಮಾತು ಕನ್ನಡ. ಅಕ್ಷರ ತಿದ್ದಿಸಿದವರು ಅಜ್ಜಿ. ಆ ಕನ್ನಡದಲ್ಲಿ ಅವರು ಬಾಲ್ಯದಲ್ಲಿ ಬರೆದಿಟ್ಟದ್ದು 14 ನೋಟುಪುಸ್ತಕ. ವಿಷಯ, ನಕ್ಷತ್ರಲೋಕದ ಯುದ್ಧ.

1980ರ ದಶಕದ ನಡುಭಾಗದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿಯನ್ನು ತೋರಿಸುತ್ತಿತ್ತು. 1966ರಿಂದ 1969ರವರೆಗೆ ಅಲ್ಲಿ 79 ಕಂತುಗಳಾಗಿ ಬಂದದ್ದು. ಇವರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಬೇಸಗೆ ರಜೆಗೆ ಬೆಂಗಳೂರಿನ ಸೋದರಮಾವನ ಮನೆಗೆ ಹೋದಾಗ ನೋಡಿದ ಏಳೆಂಟು ಕಂತುಗಳೇ ಅವರ ಆಸ್ತಿ. ಇಂಗ್ಲಿಷು ಅರ್ಧ ತಿಳಿಯಿತು, ಅರ್ಧ ಇಲ್ಲ. ಜೂನ್ ತಿಂಗಳಲ್ಲಿ ಘಟ್ಟಕ್ಕೆ ಮರಳಿದರೆ ಮುಂದಿನ ಕಥೆಯ ಗತಿಯೇನು? ತಾವೇ ಬರೆಯತೊಡಗಿದರು. ಹಾಗೆ ಬರೆದ ಎರಡು ಕಥೆಗಳನ್ನು ಈ ಲೇಖಕ ಓದಿದ್ದುಂಟು. ಅವು ಮೂಲಕ್ಕಿಂತ ಚೆನ್ನಾಗಿವೆ ಎಂದು ಅವರ ಅಭಿಪ್ರಾಯ, ನಮ್ಮದು ಹಾಗಿಲ್ಲ.

ಕಥೆಗಿಂತ ಆಟದ್ದೇ ದೊಡ್ಡ ಸಂಗತಿ. ಮರುವರ್ಷ ಮಾವ ಒಂದು ದಪ್ಪ ಪುಸ್ತಕ ಕಳುಹಿಸಿದರು. ಡೇವಿಡ್ ಆಲ್ ಎಂಬವರು ಸಂಪಾದಿಸಿದ, 1978ರಲ್ಲಿ ಹೊರಬಂದ 'ಬೇಸಿಕ್ ಕಂಪ್ಯೂಟರ್ ಗೇಮ್ಸ್'. 101 ಆಟಗಳ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಅಚ್ಚು ಹಾಕಿದ್ದ ಗ್ರಂಥ; ಕಂಪ್ಯೂಟರು ಇದ್ದವರು ಅದನ್ನು ನೋಡಿಕೊಂಡು ಟೈಪು ಮಾಡಿ ಆಡಬೇಕು. ಅದರಲ್ಲೊಂದು ಸ್ಟಾರ್ ಟ್ರೆಕ್ ಆಟ. ಕಂಪ್ಯೂಟರು ಎಲ್ಲಿಂದ ಬರಬೇಕು? ತಂಗಿಯನ್ನೇ ಕಂಪ್ಯೂಟರು ಮಾಡಿದರು.

ಆಟದ ಕ್ರಮ ಹೀಗೆ. ಆಕಾಶವನ್ನು ಎಂಟಕ್ಕೆ ಎಂಟು, ಒಟ್ಟು 64 ಭಾಗ ಮಾಡುವುದು. ಪ್ರತಿ ಭಾಗದೊಳಗೆ ಮತ್ತೆ 64 ಮನೆ. ಭಾಗಕ್ಕೆ ಇವರು ಇಟ್ಟ ಹೆಸರು ಹೋಬಳಿ. ಶತ್ರುಗಳಾದ ಕ್ಲಿಂಗಾನರು ರಕ್ಕಸರು. ಹಡಗು ರಿಪೇರಿಯಾಗಿ ಇಂಧನ ತುಂಬಿಕೊಳ್ಳುವ ತಂಗುದಾಣ ಛತ್ರವಾಯಿತು. ಒಂದು ಹೋಬಳಿಯಲ್ಲಿ ಏನಿದೆ ಎಂಬುದಕ್ಕೆ ಮೂರಂಕಿಯ ಗುರುತು. 207 ಎಂದರೆ ರಕ್ಕಸರು ಇಬ್ಬರು, ಛತ್ರ ಇಲ್ಲ, ನಕ್ಷತ್ರ ಏಳು. ಕಪ್ತಾನನ ಕೈಯಲ್ಲಿ 3000 ಅಳತೆ ಶಕ್ತಿ, 10 ಬಾಣ. ಹಡಗು ಓಡಿಸುವುದಕ್ಕೂ ಗುರಾಣಿಗೂ ಬೆಂಕಿ ಕಾರುವುದಕ್ಕೂ ಅದೇ ಶಕ್ತಿ. ಗುರಾಣಿಗೆ ಹೆಚ್ಚು ಕೊಟ್ಟರೆ ಓಡಲಾಗದು, ಓಡುವುದಕ್ಕೆ ಉಳಿಸಿದರೆ ಪೆಟ್ಟು ತಿನ್ನಬೇಕು. ಜೊತೆಗೆ ದಿನಗಳ ಗಡುವು ಬೇರೆ.

ತಂಗಿ ಮೊರವನ್ನು ಮರೆ ಹಿಡಿದು ಅದರ ಹಿಂದೆ ಪೂರ್ತಿ ನಕ್ಷೆ ಇಟ್ಟುಕೊಳ್ಳುವುದು, ಅಣ್ಣ ಕೇಳಿದಷ್ಟನ್ನು ಮಾತ್ರ ಹೇಳುವುದು. ಕಂಪ್ಯೂಟರು ಮನಸ್ಸಿಗೆ ಬಂದಂತೆ ಅಂಕಿ ಆರಿಸುತ್ತದಲ್ಲ, ಆ ಕೆಲಸಕ್ಕೆ ಚೌಕಾಬಾರದ ನಾಲ್ಕು ಕವಡೆ. ಕೆಲವು ವಾರಗಳಲ್ಲೇ ಹುಡುಗಿಗೆ ಸಂಶಯ ಬಂತು. ಯಾವ ಹೋಬಳಿಯಲ್ಲೂ ಐದು, ಆರು, ಏಳು ನಕ್ಷತ್ರ ಬರುವುದೇ ಇಲ್ಲ. ಎಲ್ಲಿ ನೋಡಿದರೂ ಎರಡು! ಕಾರಣ ಸರಳ. ಕವಡೆಯಲ್ಲಿ ಬೀಳುವುದು ಒಂದು, ಎರಡು, ಮೂರು, ನಾಲ್ಕು, ಎಂಟು ಮಾತ್ರ. ಅಂಗಾತ, ಬೋರಲು ಸಮವಾಗಿ ಬೀಳುತ್ತವೆಂದರೂ ಬೀಳುವ 16 ಬಗೆಗಳಲ್ಲಿ ಎರಡು ಬರುವ ಬಗೆಗಳೇ ಆರು. ಆಕೆ ಕವಡೆ ಬಿಟ್ಟು, ಒಂದರಿಂದ ಎಂಟರವರೆಗೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದಳು. ಸಂಭಾವ್ಯತೆಯ ಪಾಠ ಶಾಲೆಯಲ್ಲಿ ಬಂದದ್ದು ಎಷ್ಟೋ ಕಾಲದ ಮೇಲೆ.

ಕಾಗದದ ಮೇಲೆ ಆಡಿದ್ದು ವಿಡಿಯೋ ಗೇಮ್ ಹೇಗಾಯಿತು ಎಂದು ಓದುಗರು ಕೇಳಬಹುದು. ಈ ಆಟವನ್ನು 1971ರಲ್ಲಿ ಮೊದಲು ಬರೆದವನು ಮೈಕ್ ಮೇಫೀಲ್ಡ್ ಎಂಬ ಕ್ಯಾಲಿಫೋರ್ನಿಯದ ಹೈಸ್ಕೂಲು ಹುಡುಗ. ಅವನೂ ಧಾರಾವಾಹಿಯ ಅಭಿಮಾನಿಯೇ. ಅವನಿಗೆ ಸಿಕ್ಕಿದ ಯಂತ್ರಕ್ಕೂ ಪರದೆ ಇರಲಿಲ್ಲ. ನಕ್ಷೆ ಟೆಲಿಪ್ರಿಂಟರಿನ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಅಲ್ಲಿಗೂ ಬತ್ತೇರಿಗೂ ಅಂತರ ಅಷ್ಟೇನೂ ಇಲ್ಲವೆನ್ನಬೇಕು.

ಮುಂದೆ ಟಿ.ವಿ. ಬಂತು, 'ಮೀಡಿಯಾ', 'ಲಿಟಲ್ ಮಾಸ್ಟರ್' ಪೆಟ್ಟಿಗೆಗಳು ಬಂದವು, 1998ರಲ್ಲಿ ದೂರದರ್ಶನದಲ್ಲಿ 'ಕ್ಯಾಪ್ಟನ್ ವ್ಯೋಮ್' ಬಂತು. ಇವರು ಎಲ್ಲವನ್ನೂ ನೋಡಿದರು, ಆಡಿದರು. ಬರೆಯುವುದು ಮಾತ್ರ ನಿಂತಿತು.

ಈಗ ಚಿಂತೆ ನೋಟುಪುಸ್ತಕಗಳದ್ದು. ವಯನಾಡಿನ ಮಳೆಗಾಲದ ತೇವ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಎರಡನ್ನು ಗೆದ್ದಲು ತಿಂದಿದೆ. ಉಳಿದ 12ನ್ನು ಮನೆಯಲ್ಲಿ ಓದಬಲ್ಲವರು ಅವರೊಬ್ಬರೇ. ಕಾಲೇಜಿನಲ್ಲಿರುವ ಮಗಳು ಕನ್ನಡ ಮಾತನಾಡುತ್ತಾಳೆ, ಅಕ್ಷರ ಬಾರದು. ಅಜ್ಜಿ ಹೋದ ಮೇಲೆ ಕಲಿಸುವವರು ಯಾರೂ ಸಿಗಲಿಲ್ಲ ಎನ್ನುತ್ತಾರೆ. ತಾವೇ ಕಲಿಸಬಹುದಿತ್ತಲ್ಲ ಎಂದು ಕೇಳಿದರೆ ಕಾಫಿ ಕೊಯ್ಲಿನ ಮಾತು ತೆಗೆಯುತ್ತಾರೆ.

ಇಂಥ ಹುಚ್ಚಿನ ಕಾಗದಪತ್ರಕ್ಕೆ ಬೆಲೆಯೇನು ಎಂಬವರಿಗೆ ಒಂದು ಉದಾಹರಣೆ. ಇಂಗ್ಲೆಂಡಿನ ಬಿ.ಬಿ.ಸಿ. 1963ರಲ್ಲಿ ಆರಂಭಿಸಿದ 'ಡಾಕ್ಟರ್ ಹೂ' ಧಾರಾವಾಹಿಯ ಹಳೆಯ ಕಂತುಗಳಲ್ಲಿ ಅನೇಕವನ್ನು ಸ್ವತಃ ಬಿ.ಬಿ.ಸಿ.ಯೇ ಅಳಿಸಿಹಾಕಿತು. ಟೇಪಿಗೆ ಬೆಲೆಯಿತ್ತು, ಕಥೆಗೆ ಇರಲಿಲ್ಲ. ಚಿತ್ರ ಕಳೆದುಹೋದ ಆ ಕಂತುಗಳ ಧ್ವನಿಯಾದರೂ ಇಂದು ಪೂರ್ತಿ ಉಳಿದಿರುವುದು, ಮನೆಯಲ್ಲಿ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತಿದ್ದ ಅಭಿಮಾನಿಗಳಿಂದ.

ಮಗಳಿಗೆ ಕಂಪ್ಯೂಟರ್ ಗೊತ್ತು. ಅಪ್ಪ ಮತ್ತು ಅತ್ತೆಯ ಆಟವನ್ನು ಅವರದೇ ಮಾತುಗಳೊಂದಿಗೆ, ಹೋಬಳಿ, ಛತ್ರ, ರಕ್ಕಸರ ಸಮೇತ ಕಂಪ್ಯೂಟರಿಗೆ ಏರಿಸಬೇಕೆಂದು ಹೊರಟಿದ್ದಾಳೆ. ರಾತ್ರಿ ಊಟವಾದ ಮೇಲೆ ಅಪ್ಪ ಓದುವುದು, ಮಗಳು ಟೈಪು ಮಾಡುವುದು. ಜೊತೆಯಲ್ಲೇ ಅಕ್ಷರವೂ ಒಂದೊಂದಾಗಿ ಹತ್ತುತ್ತಿದೆ. ಆರನೆಯ ಪುಸ್ತಕದವರೆಗೆ ಬಂದಿದ್ದಾರೆ. ಅಲ್ಲೊಂದು ತೊಡಕು: ಲೆಕ್ಕವೆಲ್ಲ ಕನ್ನಡ ಅಂಕಿಯಲ್ಲಿದೆ, ಅತ್ತೆಯ ಅವಸರದ ಬರವಣಿಗೆಯಲ್ಲಿ ೬ ಯಾವುದು, ೯ ಯಾವುದು ತಿಳಿಯುವುದಿಲ್ಲ. ಒಂದು ಆಟದ ಕೊನೆಯಲ್ಲಿ ಹಡಗಿಗೆ ಉಳಿದ ಶಕ್ತಿ ೬೦೦ ಎಂದು ಮಗಳು, ೯೦೦ ಎಂದು ಅಪ್ಪ. ಅತ್ತೆ ಮದುವೆಯಾಗಿ ಗುಂಡ್ಲುಪೇಟೆಯಲ್ಲಿದ್ದಾರೆ. ಬರುವ ಭಾನುವಾರ ತವರಿಗೆ ಬಂದಾಗ ತೀರ್ಪು ಕೊಡುವುದಾಗಿ ಫೋನಿನಲ್ಲಿ ಹೇಳಿದ್ದಾರಂತೆ.