ಬಡಾವಣೆಯ ಚೀಟಿಗೆ ಖಿನ್ನತೆಯ ಮಾತ್ರೆ ಬಂದ ದಾರಿ

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಂಥ ಬಡಾವಣೆಯ ಕ್ಲಿನಿಕ್ಕಿಗೆ ಬಂದು ‘ನನಗೆ ಖಿನ್ನತೆ’ ಎನ್ನುವವರು ಅಪರೂಪ. ಸುಸ್ತು, ಮೈಕೈ ನೋವು, ಗ್ಯಾಸು, ನಿದ್ದೆ ಬರಲ್ಲ ಡಾಕ್ಟ್ರೇ ಅನ್ನುತ್ತಾರೆ. ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನು, ಒಂದು ನಿದ್ದೆ ಮಾತ್ರೆ ಇದಕ್ಕೆ ಹಳೇ ಉತ್ತರ. ಅಂಥ ಚೀಟಿಯಲ್ಲಿ ಈಗ ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಕಾಣುತ್ತದೆ. ಅದು ಬಂದ ದಾರಿ ಶುರುವಾದದ್ದು ಊರಿನ ಇನ್ನೊಂದು ದಿಕ್ಕಿನಲ್ಲಿ.

1974ರಲ್ಲಿ ಅಲ್ಲಿ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯಾದ ನಿಮ್ಹಾನ್ಸ್ ರೂಪುಗೊಂಡಾಗ ದೇಶದಲ್ಲಿ ಮನೋವೈದ್ಯರು ತೀರಾ ಕಡಿಮೆ. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಕಲಿಸಿದರೆ ಹೇಗೆ? ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಈ ಯೋಚನೆಯನ್ನು ಪರೀಕ್ಷಿಸಿದರು. 1980ರ ದಶಕದಲ್ಲಿ ಸುಮಾರು 20 ಲಕ್ಷ ಜನರ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಆಗ ವೈದ್ಯರ ಕೈಲಿದ್ದದ್ದು ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್‌ನಂಥ ಹಳೇ ಮಾತ್ರೆಗಳು. ಬಾಯಿ ಒಣಗುತ್ತಿತ್ತು, ಮಲಬದ್ಧತೆ, ಮಂಪರು. ಒಮ್ಮೆಲೇ ಹೆಚ್ಚು ನುಂಗಿದರೆ ಹೃದಯಕ್ಕೇ ಕುತ್ತು. ಹಾಗಾಗಿ 25 ಮಿಲಿಗ್ರಾಂ ಬರೆದು ಅಲ್ಲಿಗೇ ನಿಲ್ಲಿಸುವ ವೈದ್ಯರಿದ್ದರು. ಖಿನ್ನತೆ ಇಳಿಯಲು ಸಾಮಾನ್ಯವಾಗಿ ಬೇಕಿದ್ದದ್ದು 75ರಿಂದ 150. ರೋಗಿಗೆ ನಿದ್ದೆಯೇನೋ ಬಂತು, ಕಾಯಿಲೆ ಹಾಗೇ ಉಳಿಯಿತು.

1987ರಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ಅದೇ ಬಳಗದ ಎಸ್ಸಿಟಾಲೊಪ್ರಾಮ್ ಆಮೇಲೆ ಬಂತು. ದಿನಕ್ಕೊಂದೇ ಮಾತ್ರೆ, ಹೃದಯದ ಭಯ ಕಡಿಮೆ. ಬರೆಯುವುದು ಸುಲಭವಾಯಿತು. ಅತಿ ಸುಲಭವಾಯಿತೇನೋ! ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಉಮೇದು, ವಿಪರೀತ ಮಾತು, ಖರ್ಚು ಇತ್ತೇ ಎಂದು ಮೊದಲು ಕೇಳಬೇಕು. ಇದ್ದರೆ ಈ ಮಾತ್ರೆಯೊಂದನ್ನೇ ಕೊಟ್ಟಾಗ ಉನ್ಮಾದ ಕೆರಳಬಹುದು. ಸಾಯುವ ಯೋಚನೆ ಬರುತ್ತದೆಯೇ ಎಂದೂ ಕೇಳಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ. ಇದನ್ನು ಹೇಳದಿದ್ದರೆ ಜನ ಹತ್ತನೇ ದಿನಕ್ಕೇ ಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ನಿಲ್ಲಿಸುವುದೂ ನಿಧಾನವಾಗಿ.

ಇಷ್ಟನ್ನು ಕಲಿಸಲು ನಿಮ್ಹಾನ್ಸ್ ಈಗ ವಿಡಿಯೋ ಮೂಲಕ, ವೈದ್ಯರು ತಮ್ಮದೇ ರೋಗಿಗಳನ್ನು ನೋಡುತ್ತಿರುವಾಗಲೇ, ತರಬೇತಿ ಕೊಡುತ್ತದೆ. ಅದು ಹೆಚ್ಚಾಗಿ ಸರ್ಕಾರಿ ವೈದ್ಯರಿಗೆ. ಬಡಾವಣೆಯ ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಔಷಧ ಕಂಪನಿಯ ಮೆಡಿಕಲ್ ರೆಪ್‌ಗಳು. ಅವರ ಚೀಲದಲ್ಲಿ ಎಸ್ಸಿಟಾಲೊಪ್ರಾಮ್ ಜತೆ ಆತಂಕ ತಗ್ಗಿಸಿ ನಿದ್ದೆ ತರಿಸುವ ಕ್ಲೊನಾಜೆಪಾಮ್ ಬೆರೆಸಿದ ಒಂದೇ ಮಾತ್ರೆಯೂ ಇರುತ್ತದೆ. ಮೊದಲನೆಯದನ್ನು ತಿಂಗಳುಗಟ್ಟಲೆ ನುಂಗಬೇಕು. ಎರಡನೆಯದು ಚಟ ಹಿಡಿಸುವಂಥದ್ದು, ಕೆಲವೇ ವಾರಗಳಲ್ಲಿ ಬಿಡಿಸಬೇಕು. ಒಂದೇ ಮಾತ್ರೆಯೊಳಗಿರುವಾಗ ಬಿಡಿಸುವುದು ಯಾವುದನ್ನು?