ಸಬ್‌ವೂಫರಿನ ಸ್ಥಾನನಿರ್ಣಯ

ಮನೆಯಲ್ಲಿ ಸಂಗೀತವನ್ನು ಕೇಳುವ ರಸಿಕರು ಸಬ್‌ವೂಫರನ್ನು ತಂದಿರಿಸಿದ ಬಳಿಕ ಎರಡು ಬಗೆಯ ದೂರುಗಳನ್ನು ಹೇಳುವುದುಂಟು: ಒಂದು ಮಂದ್ರಸ್ವರ ಮಿತಿಮೀರಿ ಮೊರೆಯುತ್ತದೆ, ಮತ್ತೊಂದು ಕೇಳಿಸುವುದೇ ಇಲ್ಲ. ದೋಷವನ್ನು ಪೆಟ್ಟಿಗೆಯ ಮೇಲೆ ಹೊರಿಸಿ ಇನ್ನೂ ದೊಡ್ಡದನ್ನು ಕೊಳ್ಳುವುದು ರೂಢಿ. ಬಹುಮಟ್ಟಿಗೆ ಅಪರಾಧಿ ಕೊಠಡಿಯೇ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ವಾಯುವಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಆದ್ದರಿಂದ 1,000 ಹರ್ಟ್ಸ್ ಸ್ವರದ ತರಂಗದೂರ ಸುಮಾರು ಒಂದೂವರೆ ಗೇಣಾದರೆ, 20 ಹರ್ಟ್ಸ್ ಸ್ವರದ್ದು 17 ಮೀಟರು. ಇಷ್ಟು ನೀಳವಾದ ತರಂಗಗಳನ್ನು ಪರದೆ, ಜಮಖಾನೆಗಳು ಹೀರಲಾರವು. ಅವು ಎದುರುಬದುರು ಗೋಡೆಗಳ ನಡುವೆ ಪ್ರತಿಫಲಿಸುತ್ತ, ಕೆಲವು ಆವರ್ತಾಂಕಗಳಲ್ಲಿ ಸ್ಥಿರತರಂಗಗಳಾಗಿ ನಿಲ್ಲುತ್ತವೆ. 5 ಮೀಟರು ಉದ್ದದ ಕೊಠಡಿಯಲ್ಲಿ ಉದ್ದದ ದಿಕ್ಕಿನ ಮೊದಲ ಅನುನಾದ ಸುಮಾರು 34 ಹರ್ಟ್ಸಿನಲ್ಲಿ, ಎರಡನೆಯದು 69 ಹರ್ಟ್ಸಿನ ಸಮೀಪದಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಒತ್ತಡದ ಏರಿಳಿತವು ಕೊಠಡಿಯ ನಟ್ಟನಡುವೆ ಬಹುತೇಕ ಶೂನ್ಯ. ಎರಡನೆಯದರಲ್ಲಿ ಆ ಎರಡೂ ಗೋಡೆಗಳಿಂದ 1.25 ಮೀಟರು ದೂರದಲ್ಲಿ ಶೂನ್ಯ. ಗೋಡೆಯ ಬಳಿ ಎರಡೂ ಗರಿಷ್ಠ.

ಮಂದ್ರ ಷಡ್ಜವು 69 ಹರ್ಟ್ಸಿನ ಹತ್ತಿರ ಬರುವಂತೆ ಶ್ರುತಿಗೂಡಿಸಿದ ತಂಬೂರಿಯ ಧ್ವನಿಮುದ್ರಣವನ್ನು ಈ ಕೊಠಡಿಯಲ್ಲಿ ಕೇಳುತ್ತೇವೆನ್ನಿ. ಹಿಂಗೋಡೆಗೆ ಒರಗಿ ಕುಳಿತವನಿಗೆ ಆ ತಂತಿಯ ಮೂಲಸ್ವರ ಭಾರವಾಗಿ ಕೇಳಿಸುವುದು. 1.25 ಮೀಟರು ಮುಂದೆ ಕುಳಿತವನ ಕಿವಿಯು ಉಪಸ್ವರಗಳ ಬಲದಿಂದ ಷಡ್ಜವನ್ನು ಗುರುತಿಸೀತು. ಅದರ ತೂಕ ಮಾತ್ರ ದಕ್ಕದು. ಅಲ್ಲಿ ಧ್ವನಿಯನ್ನು ಎಷ್ಟು ಏರಿಸಿದರೂ ಫಲವಿಲ್ಲ. ನೇರವಾಗಿ ಬರುವ ತರಂಗದೊಡನೆ ಪ್ರತಿಫಲಿತ ತರಂಗವೂ ಅಷ್ಟೇ ಏರಿ, ಒಂದನ್ನೊಂದು ಮೊದಲಿನಂತೆಯೇ ಅಳಿಸುತ್ತವೆ. ನೆರೆಮನೆಯವರ ನಿದ್ರೆಗೆ ಭಂಗ ಬಂದೀತು, ಅಷ್ಟೆ.

ಪರಿಹಾರವು ಸ್ಥಳದ ಆಯ್ಕೆಯಲ್ಲಿದೆ. ಸುಮಾರು 80 ಹರ್ಟ್ಸಿನ ಕೆಳಗೆ ಧ್ವನಿ ಬರುವ ದಿಕ್ಕನ್ನು ಕಿವಿಯು ಸುಲಭವಾಗಿ ಅರಿಯದಾದ್ದರಿಂದ ಪೆಟ್ಟಿಗೆಯನ್ನು ಎಲ್ಲಿಯಾದರೂ ಇಡಬಹುದು. ಮೂಲೆಯಲ್ಲಿಟ್ಟರೆ ಎಲ್ಲ ಅನುನಾದಗಳೂ ಕೆರಳುತ್ತವೆ. ಅಬ್ಬರ ಹೆಚ್ಚು, ಸಮತೆ ಕಡಿಮೆ. ಶಬ್ದದ ಮೂಲವನ್ನೂ ಶ್ರೋತೃವನ್ನೂ ಅದಲುಬದಲಾಗಿಸಿದರೆ ಕೇಳುವ ಪರಿಣಾಮ ಬದಲಾಗದೆಂಬ ಪರಸ್ಪರತೆಯ ನಿಯಮವನ್ನು ಹೆಲ್ಮ್‌ಹೋಲ್ಟ್ಸ್, ರೇಲೀ ಮೊದಲಾದವರು 19ನೆಯ ಶತಮಾನದಲ್ಲಿಯೇ ನಿರೂಪಿಸಿದ್ದರು. ಅದರಂತೆ, ಸಬ್‌ವೂಫರನ್ನು ನಾವು ಕೂರುವ ಕುರ್ಚಿಯ ಮೇಲಿಟ್ಟು, ಮಂದ್ರಸ್ವರಗಳು ಒಂದೊಂದಾಗಿ ಬರುವ ಸಂಗೀತವನ್ನು ನುಡಿಸಿ, ಗೋಡೆಯಂಚಿನಲ್ಲಿ ಮೊಣಕಾಲೂರಿ ಕಿವಿಯನ್ನು ತಗ್ಗಿಸಿ ಸಾಗಬೇಕು. ಮನೆಮಂದಿ ನಕ್ಕರೆ ನಗಲಿ! ಸ್ವರಗಳೆಲ್ಲವೂ ಸಮನಾಗಿ ಕೇಳಿಸುವ ತಾಣವೇ ಪೆಟ್ಟಿಗೆಯ ತಾಣ.

ಇನ್ನು ಉಳಿದದ್ದು ಪ್ರಾವಸ್ಥೆಯ ಗುಂಡಿ. 80 ಹರ್ಟ್ಸಿನ ಆಸುಪಾಸಿನಲ್ಲಿ ಮುಖ್ಯ ಧ್ವನಿವರ್ಧಕಗಳೂ ಸಬ್‌ವೂಫರೂ ಒಟ್ಟಿಗೆ ನುಡಿಯುವುದರಿಂದ, ಅವು ವಿರುದ್ಧ ಪ್ರಾವಸ್ಥೆಯಲ್ಲಿದ್ದರೆ ಅಲ್ಲಿ ಧ್ವನಿ ಕುಗ್ಗುತ್ತದೆ. ನಮ್ಮ ಆಸನದಲ್ಲಿ ಕುಳಿತು, ಇನ್ನೊಬ್ಬರಿಂದ ಆ ಗುಂಡಿಯನ್ನು ಆಚೀಚೆ ಹಾಕಿಸಿ, ಆ ಸ್ವರವು ತುಂಬಿ ಕೇಳಿಸುವ ಕಡೆ ನಿಲ್ಲಿಸಬೇಕು.